ಹನ್ನೊಂದು ಹೆಜ್ಜೆ ನೆಟ್ಟಗೆ

ನನ್ನ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ತೊಡೆಯಿಂದ ಕೆಳಕ್ಕೆ ಸಣ್ಣ, ಬಲವಿಲ್ಲ. ಮೂರು ವರ್ಷದವಳಿದ್ದಾಗ ಜ್ವರ ಬಂದು ಇಳಿಯಿತಂತೆ, ಇಳಿಯುವಾಗ ಕಾಲಿನ ಶಕ್ತಿಯನ್ನೂ ಜೊತೆಗೆ ಇಳಿಸಿಕೊಂಡು ಹೋಯಿತಂತೆ. ಇಷ್ಟನ್ನು ಮೊದಲ ಸಾಲಿನಲ್ಲೇ ಬರೆಯುವ ಧೈರ್ಯ ನನಗೆ ಬಂದದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಯವರೆಗೂ ಈ ಕಾಲನ್ನು ಮುಚ್ಚಿಡುವುದೇ ನನ್ನ ದೊಡ್ಡ ಕೆಲಸವಾಗಿತ್ತು, ಆ ಕೆಲಸದಲ್ಲಿ ನಾನು ಬಲು ಗಟ್ಟಿಗಿತ್ತಿ. ಆ ಗಟ್ಟಿತನವೇ ಒಂದು ದಿನ ನನ್ನ ಕುತ್ತಿಗೆಗೆ ಬಂತು.

ನಾನು ಹುಟ್ಟಿದ ಹಳ್ಳಿ ಕನಕಪುರದಿಂದಾಚೆ, ಗಡಿ ದಾಟಿದ ಮೇಲೆ ಸಿಗುತ್ತದೆ. ಸರ್ಕಾರದ ಕಾಗದದಲ್ಲಿ ಅದು ತಮಿಳುನಾಡು. ನಮಗೆ ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ತಟ್ಟೆಯಲ್ಲಿ ಎರಡೂ ಕಡೆಯವರು ಉಣ್ಣುವ ಅದೇ ಮುದ್ದೆ. ಹೆಣ್ಣು ಕೊಡುವುದು, ತರುವುದು ಎಲ್ಲ ಈಚೆ ಕರ್ನಾಟಕದ ಕಡೆಯೇ. ನೀರಿನ ಗಲಾಟೆ ಎದ್ದಾಗ ಮಾತ್ರ ಗಡಿ ಇದೆಯೆಂದು ನೆನಪಾಗುತ್ತಿತ್ತು, ಬಸ್ಸುಗಳು ನಿಂತುಹೋಗುತ್ತಿದ್ದವು. ಆಗ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ಹಬ್ಬಕ್ಕೆ ಬರಲಾಗದೆ ಗಂಡನ ಮನೆಯಲ್ಲೇ ಉಳಿಯುತ್ತಿದ್ದರು.

ನಡೆಯುವುದನ್ನು ನನಗೆ ಅವ್ವ ಎರಡು ಸಲ ಕಲಿಸಿದಳು. ಮಗುವಾಗಿದ್ದಾಗ ಒಂದು ಸಲ. ಹದಿನಾಲ್ಕು ತುಂಬಿದ ಮೇಲೆ ಕೊಟ್ಟಿಗೆಯ ಹಿಂದೆ, ಗೋಡೆಯ ಪಕ್ಕ, ಇನ್ನೊಂದು ಸಲ. ಎಡಗಾಲನ್ನು ತುದಿಬೆರಳಿನ ಮೇಲೆ ಊರಬೇಕು, ಮಂಡಿಯನ್ನು ಹಿಂದಕ್ಕೆ ಒತ್ತಿ ಬಿಗಿ ಹಿಡಿಯಬೇಕು, ಬಲಗಾಲನ್ನು ಒಸಿ ಬಗ್ಗಿಸಬೇಕು, ಸೊಂಟ ಅಲುಗಬಾರದು, ಹೆಜ್ಜೆ ಚಿಕ್ಕದಿರಬೇಕು. "ನೆಟ್ಟುಗೆ ನಡಿ ಕೂಸೆ," ಎಂದು ಅವಳು ಹೇಳುತ್ತಲೇ ಇರುತ್ತಿದ್ದಳು. ಊರ ಮೋಚಿಯ ಹತ್ತಿರ ಎಡಗಾಲಿನ ಚಪ್ಪಲಿಗೆ ಟೈರಿನ ತುಂಡು ಸೇರಿಸಿ ಹೊಲಿಸಿದಳು, ಸೀರೆಯ ನೆರಿಗೆ ಅದನ್ನು ಮುಚ್ಚುತ್ತಿತ್ತು. ನಮ್ಮ ಅಡುಗೆಮನೆಯ ಬಾಗಿಲಿನಿಂದ ಚಾಪೆಯ ತನಕ ಹನ್ನೊಂದು ಹೆಜ್ಜೆ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ಆ ಹನ್ನೊಂದನ್ನು ನೆಟ್ಟಗೆ ನಡೆದುಬಿಟ್ಟರೆ ಗೆದ್ದಂತೆ. ಆಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದರೂ ಕೇಳುವವರಿಲ್ಲ, ಒಪ್ಪಿಗೆಯಾದ ಮೇಲಿನ ಹೋಳಿಗೆ ಊಟದ ಗದ್ದಲದಲ್ಲಿ ಯಾರಿಗೆ ಕಾಣುತ್ತದೆ.

ಅಪ್ಪ ಮಾತ್ರ ಮೋಸ ಒಪ್ಪುವ ಪೈಕಿಯಲ್ಲ. ಚನ್ನಪಟ್ಟಣದ ಹತ್ತಿರದ ಅಕ್ಕೂರಿನಿಂದ ಗಂಡು ಬಂದಾಗ, ತಟ್ಟೆ ಬದಲಾಯಿಸುವ ಮೊದಲೇ ನನ್ನ ಕಾಲಿನ ವಿಷಯ ಬಿಡಿಸಿ ಹೇಳಿದ. ಆ ಗಂಡು, ಈಗಿನ ನಮ್ಮ ಯಜಮಾನರು, ಒಪ್ಪಿ ತಲೆಯಾಡಿಸಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಲಕ್ಷಣವಾಗವ್ಳೆ, ಆಗಲಿ ಬುಡಿ. ಆದ್ರೆ ಈ ಮಾತು ಈ ಮನೆ ಬಾಗ್ಲು ದಾಟಬಾರ್ದು. ನಂಗೂ ಮದ್ವೆಗೆ ಬಂದಿರೋ ಮಗಳವ್ಳೆ," ಎಂದರು. ಹೀಗೆ ನನ್ನ ಕಾಲಿನ ಕಾವಲು ಅವ್ವನ ಕೈಯಿಂದ ಅತ್ತೆಯ ಕೈಗೆ ಹೋಯಿತು. ನಾದಿನಿಯ ಮದುವೆ ಆಯಿತು, ಅವಳಿಗೆ ಎರಡು ಮಕ್ಕಳೂ ಆದವು, ಆದರೂ ಅತ್ತೆಯ ಕಾವಲು ಸಡಿಲವಾಗಲಿಲ್ಲ. ನಾಲ್ಕು ಜನ ಸೇರಿದ ಕಡೆ ಹೊರಟರೆ ಕಿವಿಯ ಹತ್ತಿರ ಅದೇ ಮಾತು, ನೆಟ್ಟುಗೆ ನಡಿ.

ಅತ್ತೆಯವರ ರೇಷ್ಮೆಹುಳು ಸಾಕುವ ಮನೆಯಲ್ಲಿ ಮಾತ್ರ ನಾನು ನನ್ನ ಹಾಗೆ ನಡೆಯುತ್ತಿದ್ದೆ. ಅಲ್ಲಿಗೆ ಹೊರಗಿನವರು ಬರುವ ಹಾಗಿಲ್ಲ, ಹುಳಕ್ಕೆ ರೋಗ ತಗಲುತ್ತದೆಂದು ಯಾರನ್ನೂ ಬಿಡುವುದಿಲ್ಲ. ಎಡಗೈಯನ್ನು ಎಡ ಮಂಡಿಗೆ ಊರಿಕೊಂಡು, ಸೊಂಟ ಬೇಕಾದಷ್ಟು ಅಲುಗಲಿ ಎಂದುಕೊಂಡು, ಬಲಗೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದೆ. ಅತ್ತೆ ಪಕ್ಕದಲ್ಲೇ ಸೊಪ್ಪು ಕತ್ತರಿಸುತ್ತಾ ಕೂತಿರುತ್ತಿದ್ದರು. ನೋಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಒಂದು ದಿನವೂ ಆ ಬಗ್ಗೆ ಮಾತಾಡಿದವರಲ್ಲ.

ಹೀಗೆ ಹತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಮೈಸೂರು ರಸ್ತೆ ಅಗಲವಾಯಿತು, ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಎದ್ದವು, ನಾವು ಬೆಂಗಳೂರು ಗ್ರಾಮಾಂತರದವರಾಗಿದ್ದವರು ರಾಮನಗರ ಜಿಲ್ಲೆಯವರಾದೆವು. ಬೆಳಿಗ್ಗೆ ಊರ ಮುಂದಿನ ಅರಳಿಮರದ ಹತ್ತಿರ ಕಂಪನಿ ವ್ಯಾನು ಬಂದು ನಿಲ್ಲತೊಡಗಿದವು. ಹುಡುಗಿಯರು ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಹತ್ತುವುದನ್ನು ನಾನು ಸೊಪ್ಪಿನ ಪುಟ್ಟಿ ಇಟ್ಟುಕೊಂಡು ನೋಡುತ್ತಾ ನಿಲ್ಲುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಇಡುವುದೇಕೆ.

ಒಂದು ದಿನ ಪಂಚಾಯ್ತಿಯಲ್ಲಿ ಸುದ್ದಿ ಬಂತು. ಕಾರಿಗೆ ವೈರಿನ ಕಟ್ಟು ಮಾಡಿಕೊಡುವ ಒಂದು ಸಣ್ಣ ಕಂಪನಿ ಕಾಲಿನ ತೊಂದರೆ ಇರುವವರನ್ನು ತೆಗೆದುಕೊಳ್ಳುತ್ತದಂತೆ, ಕೂತು ಮಾಡುವ ಕೆಲಸವಂತೆ. ನಾನು ಯಜಮಾನರನ್ನು ಕರೆದುಕೊಂಡು ಹೋಗಿ ನೋಡಿಬಂದೆ. ಬಣ್ಣಬಣ್ಣದ ವೈರುಗಳನ್ನು ಹಲಗೆಯ ಮೇಲೆ ಮೊಳೆ ನೋಡಿಕೊಂಡು ಎಳೆದು ಟೇಪು ಸುತ್ತುವುದು. ಹುಳದ ತಟ್ಟೆಯಲ್ಲಿ ಕಣ್ಣು ನೆಟ್ಟು ಪಳಗಿದವಳಿಗೆ ಅದೇನು ಮಹಾ. ಕೂರಿಸಿ ಮಾಡಿಸಿ ನೋಡಿದರು, ಮೆಚ್ಚಿದರು. "ಅಂಗವಿಕಲರ ಕಾರ್ಡು ತಗೊಂಡು ಬನ್ನಿ, ತಿಂಗಳ ಕೊನೆ ತನಕ ಸೀಟು ಇಟ್ಟಿರ್ತೀವಿ," ಎಂದರು. ನನಗೆ ಆ ಕೆಲಸ ಬೇಕಾಗಿತ್ತು. ಹನ್ನೆರಡನೇ ಕ್ಲಾಸು ಓದಿ ಹತ್ತು ವರ್ಷ ಸುಮ್ಮನೆ ಮಡಗಿದ್ದ ತಲೆ ನನ್ನದು. ಆ ವ್ಯಾನು ಹತ್ತದಿದ್ದರೆ ಇನ್ನು ಯಾವತ್ತೂ ಏನೂ ಹತ್ತುವುದಿಲ್ಲವೆಂದು ನನಗೆ ಅನ್ನಿಸಿಬಿಟ್ಟಿತ್ತು.

ಕಾರ್ಡು ನನ್ನ ಹತ್ತಿರ ಇರಲಿಲ್ಲ ಅಂತಲ್ಲ. ಸ್ಕೂಲಿನಲ್ಲಿದ್ದಾಗ ಅಪ್ಪ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿದ್ದು ಪೆಟ್ಟಿಗೆಯ ತಳದಲ್ಲಿತ್ತು. ಅದರಲ್ಲಿ ಶೇಕಡಾ ಅರವತ್ತು ಎಂದು ಬರೆದಿತ್ತು. ಅದನ್ನು ಹಿಡಿದು ರಾಮನಗರದ ಕಚೇರಿಗೆ ಹೋದೆ. ಹೊಸ ಜಿಲ್ಲೆ, ಫೈಲುಗಳು ಇನ್ನೂ ಗೋಣಿಚೀಲದಿಂದ ಪೂರ್ತಿ ಹೊರಗೆ ಬಂದಿರಲಿಲ್ಲ. ಗುಮಾಸ್ತರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ತಮಿಳಲ್ಲಿ ಐತಲ್ಲಮ್ಮ."

"ಓದಿ ಹೇಳ್ತೀನಿ ಸಾರ್."

"ಓದಿದ್ರೂ ನಡೆಯಕ್ಕಿಲ್ಲ. ಆ ರಾಜ್ಯದ್ದು ಆ ರಾಜ್ಯಕ್ಕೆ."

"ಗಡಿ ದಾಟಿದ ತಕ್ಷಣ ಕಾಲು ಉದ್ದ ಆಯ್ತದಾ ಸಾರ್?" ಎಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ, ಮೊದಲಿಂದಲೂ ಇಲ್ಲ. ಪುಣ್ಯಾತ್ಮ ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. ಬರುವ ಗುರುವಾರ ತಪಾಸಣೆ ಶಿಬಿರ ಇದೆ, ಡಾಕ್ಟರು ನೋಡಿ ಹೊಸದಾಗಿ ಬರೆದುಕೊಡುತ್ತಾರೆ, ಅಲ್ಲಿ ನಲವತ್ತು ಬಂದರೆ ಸಾಕು ಎಂದು ಚೀಟಿ ಕೊಟ್ಟರು. ಅರವತ್ತು ಇದ್ದವಳಿಗೆ ನಲವತ್ತು ಯಾವ ಲೆಕ್ಕ ಎಂದುಕೊಂಡು ನಾನು ಹಗುರವಾಗಿ ಮನೆಗೆ ಬಂದೆ.

ಈಗ ನಾವು ಮಾಡಿದ ಘನಕಾರ್ಯ ಕೇಳಿ. ಸಂಬಳ ಬರುತ್ತದೆ, ಕಾರ್ಡು ಪೆಟ್ಟಿಗೆಯಲ್ಲೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅತ್ತೆ ಕಾರ್ಡಿಗೆ ಒಪ್ಪಿದ್ದರು. ಗುರುವಾರ ಬೆಳಿಗ್ಗೆ ಅತ್ತೆ ನನಗೆ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಡಿಸಿದರು. ಮಲ್ಲಿಗೆ ಮುಡಿಸಿದರು. ಟೈರು ಹೊಲಿದ ಚಪ್ಪಲಿ ತಾವೇ ತಂದು ಕಾಲ ಹತ್ತಿರ ಇಟ್ಟರು. ನಾಲ್ಕು ಜನ ಇರುವ ಕಡೆ ಹೋಗುವುದೆಂದರೆ ಹೀಗೇ ಹೋಗುವುದು, ಬೇರೆ ಥರ ಹೋಗಬಹುದೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಶಿಬಿರದ ಸಾಲಿನಲ್ಲಿ ನಮ್ಮ ಕಡೆಯ ಊರುಗಳ ಜನ ಇದ್ದರು. ನನ್ನ ಹೆಸರು ಕೂಗಿದಾಗ ಅತ್ತೆ ನೆರಿಗೆ ಸರಿಮಾಡಿ ಕಿವಿಯಲ್ಲಿ, "ಜನ ನೋಡ್ತಾವ್ರೆ. ನೆಟ್ಟುಗೆ ನಡಿ," ಎಂದರು.

ನಡೆದೆ. ಬೆಂಚಿನಿಂದ ಡಾಕ್ಟರ ಮೇಜಿನವರೆಗೂ ಒಂದು ಹೆಜ್ಜೆ ತಪ್ಪದೆ, ಸೊಂಟ ಅಲುಗದೆ, ಕಾಫಿ ತಟ್ಟೆ ಹಿಡಿದವಳ ಹಾಗೆ ನಡೆದೆ. ಬೆಳಗಿನಿಂದ ನೂರಾರು ಜನರನ್ನು ನೋಡಿ ಸುಸ್ತಾಗಿದ್ದ ಆ ಡಾಕ್ಟರು, "ಚೆನ್ನಾಗೇ ನಡೀತೀಯಲ್ಲಮ್ಮ," ಎಂದರು. ಮಂಡಿ ಒಂದು ಸಲ ಮುಟ್ಟಿ ನೋಡಿ ಮೂವತ್ತೈದು ಬರೆದರು. ಅತ್ತೆಯ ಮುಖ ಅರಳಿತು. ಆಚೆ ಬಂದು ಚೀಟಿ ತೋರಿಸಿದಾಗ, ನಲವತ್ತಕ್ಕೆ ಕಮ್ಮಿ ಬಂದವರಿಗೆ ಕಾರ್ಡಿಲ್ಲವೆಂದು ಅಲ್ಲಿ ಕೂತವರು ಹೇಳಿದರು. ಬಸ್ಸಿನಲ್ಲಿ ನನ್ನ ಮೈ ಉರಿಯುತ್ತಿತ್ತು.

"ಹೆಣ್ಣು ನೋಡಕ್ಕೆ ಬಂದವ್ರ ಮುಂದೆ ಹೋದಂಗೆ ಹೋದ್ವಲ್ಲತ್ತೆ," ಎಂದೆ. "ಡಾಕ್ಟ್ರು ಒಪ್ಕಂಡ್ರು. ಕರ್ಕಂಡು ಹೋಯ್ತಾರಾ ಕೇಳಿ."

ಅತ್ತೆ ಕಿಟಕಿಯ ಕಡೆ ತಿರುಗಿದವರು ಚನ್ನಪಟ್ಟಣ ಬರುವವರೆಗೂ ಈಚೆ ತಿರುಗಲಿಲ್ಲ. ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ. ಕೋಪ ಅವರ ಮೇಲೆ ಅರ್ಧ, ನನ್ನ ಕಾಲಿನ ಮೇಲೆ ಅರ್ಧ. ನಿಜ ಹೇಳಬೇಕಾದ ದಿನವೂ ಸುಳ್ಳು ಹೇಳಿದ ಕಾಲು ಅದು.

ಇನ್ನೂ ಕೆಟ್ಟದ್ದು ಮುಂದಿತ್ತು. ನನ್ನ ಎರಡು ಕಾಗದಗಳೂ ಒಂದೇ ಫೈಲಿಗೆ ಸೇರಿ ಮೇಲಿನ ಅಧಿಕಾರಿಯ ಮೇಜಿಗೆ ಹೋದವು. ಒಂದರಲ್ಲಿ ಅರವತ್ತು, ಒಂದರಲ್ಲಿ ಮೂವತ್ತೈದು. ನನ್ನನ್ನು ಬರಹೇಳಿ ಕಳಿಸಿದರು. ಸುಳ್ಳು ಕಾರ್ಡು ತಂದವಳೆಂದು ಬರೆದುಬಿಟ್ಟರೆ ಕೆಲಸವೂ ಹೋಯಿತು, ಅಪ್ಪನ ಮಾನವೂ ಹೋಯಿತು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಕೂರಲು ಹೇಳಿ, "ಶಿಬಿರಕ್ಕೆ ಹೇಗೆ ಹೋಗಿದ್ರಿ ಹೇಳಿ," ಎಂದು ಕೇಳಿದರು. ಸೀರೆ, ಮಲ್ಲಿಗೆ, ಚಪ್ಪಲಿ, ಹನ್ನೊಂದು ಹೆಜ್ಜೆ ಎಲ್ಲ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

"ನೀವೊಬ್ಬರೇ ಅಲ್ಲ ಕಣ್ರೀ. ಮದುವೆಯಾಗಿ ಆಕಡೆಯಿಂದ ಬಂದವರ ಕಾಗದ ಇಲ್ಲಿ ನಡೆಯಲ್ಲ, ಇಲ್ಲಿಂದ ಹೋದವರದ್ದು ಅಲ್ಲಿ ನಡೆಯಲ್ಲ. ಗಡಿಯಲ್ಲಿ ಎಲ್ಲರದ್ದೂ ಇದೇ ಗೋಳು," ಎಂದರು. ಅದಕ್ಕೇ ಎರಡು ಕಡೆಯ ಜಿಲ್ಲೆಯವರೂ ಮೂರ್ನಾಲ್ಕು ತಿಂಗಳಿಂದ ಪತ್ರ ಬರೆದುಕೊಂಡು ಒಂದು ಒಪ್ಪಂದಕ್ಕೆ ಬಂದಿದ್ದರಂತೆ. ಗಡಿಯ ಒಂದು ಊರಿನಲ್ಲಿ ಎರಡೂ ಸರ್ಕಾರದ ಡಾಕ್ಟರು ಒಟ್ಟಿಗೆ ಕೂತು ನೋಡುವುದು, ಇಬ್ಬರೂ ಒಂದೇ ಹಾಳೆಗೆ ಸಹಿ ಹಾಕುವುದು, ಆ ಹಾಳೆಯನ್ನು ಎರಡೂ ಕಡೆ ಒಪ್ಪುವುದು. ಅದು ಮುಂದಿನ ಬುಧವಾರ. ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನ ಉಳಿಯುತ್ತಿತ್ತು. ಊರಿನ ಹೆಸರನ್ನು ಎರಡನೆಯ ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಾದಿನಿಯನ್ನು ಕೊಟ್ಟ ಊರು ಅದು.

ಮನೆಗೆ ಬಂದು ಹೇಳಿದೆ. ಬೀಗರ ಊರು ಎಂದ ಕೂಡಲೇ ಅತ್ತೆ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ, ಒಳಗೊಳಗೆ ಅದೇ ಒಳ್ಳೆಯದೆಂದೂ ಅಂದುಕೊಂಡಿದ್ದೆ. "ಬತ್ತೀನಿ," ಎಂದರು. "ಬಂದ್ರೆ ಬಾಯಿ ಬುಡಬಾರ್ದು," ಎಂದೆ. ಸೊಸೆ ಅತ್ತೆಗೆ ಹಾಗೆ ಹೇಳುವುದು ಸರಿಯಲ್ಲ, ಆದರೆ ಹೇಳಿದೆ. ಅವರು ಸೊಪ್ಪಿನ ಪುಟ್ಟಿ ಎತ್ತಿಕೊಂಡು ಹುಳದ ಮನೆಗೆ ಹೋದರು.

ಬುಧವಾರ ದಿನ ಬಳಕೆಯ ನೂಲಿನ ಸೀರೆ ಉಟ್ಟೆ. ಎತ್ತರದ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಬರಿಯ ಹವಾಯಿ ಚಪ್ಪಲಿಯಲ್ಲಿ ಹೊರಟೆ. ಕನಕಪುರದಲ್ಲಿ ಬಸ್ಸು ಬದಲಾಯಿಸಿ ಹತ್ತೂವರೆಗೆ ತಲುಪಿದೆವು. ಪಂಚಾಯ್ತಿ ಭವನದಲ್ಲಿ ಎರಡು ಮೇಜು ಸೇರಿಸಿ ಒಂದೇ ಬಟ್ಟೆ ಹೊದಿಸಿದ್ದರು. ಗೋಡೆಯ ಮೇಲೆ ಕನ್ನಡದಲ್ಲೊಂದು, ತಮಿಳಿನಲ್ಲೊಂದು ಬೋರ್ಡು. ನಾವು ಹೋದಾಗ ಹಾಳೆಯಲ್ಲಿ ಯಾರ ಮೊಹರು ಮೇಲೆ ಬರಬೇಕೆಂದು ಎರಡು ಕಡೆಯ ಗುಮಾಸ್ತರಿಗೂ ಸಣ್ಣ ಜಗಳ ನಡೆಯುತ್ತಿತ್ತು. ಅಕ್ಕಪಕ್ಕ ಹಾಕಿ ಎಂದು ನಮ್ಮ ರಾಮನಗರದ ಅಧಿಕಾರಿ ಮೇಡಂ ಹೇಳಿದ ಮೇಲೆ ಮುಗಿಯಿತು. ಕೋಣೆಯ ತುಂಬ ಜನ. ಈಚೆಯಿಂದ ಆಚೆಗೆ ಹೋದ ಹೆಣ್ಣುಮಕ್ಕಳು, ಆಚೆಯಿಂದ ಈಚೆಗೆ ಬಂದವರು, ಊರುಗೋಲಿನವರು, ಕಣ್ಣು ಕಾಣದವರು. "ಇಷ್ಟೊಂದು ಜನ್ವಾ," ಎಂದು ಅತ್ತೆ ಮೆಲ್ಲಗೆ ಹೇಳಿ ನನ್ನ ಮುಖ ನೋಡಿದರು. ಗಡಿಯಾಚೆಯಿಂದ ಇಂಥ ಸೊಸೆಯನ್ನು ತಂದ ಮನೆ ತಮ್ಮದೊಂದೇ ಎಂದು ಅವರು ತಿಳಿದುಕೊಂಡಿದ್ದರು.

ನಾವು ಬಂದ ಸುದ್ದಿ ಅಷ್ಟರಲ್ಲಿ ಊರಿಗೆ ಮುಟ್ಟಿತ್ತು. ನಾದಿನಿಯ ಅತ್ತೆ, ಎಂದರೆ ನಮ್ಮ ಬೀಗಿತ್ತಿ, ಕಾಫಿ ಫ್ಲಾಸ್ಕು ಹಿಡಿದುಕೊಂಡು ಬಂದೇಬಿಟ್ಟರು. ಹತ್ತು ವರ್ಷ ಯಾರ ಕಣ್ಣು ತಪ್ಪಿಸಿದ್ದೆವೋ ಅವರೇ ಅತ್ತೆಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಯಾರಿಗೆ ತೋರಿಸಕ್ಕೆ ಬಂದ್ರಿ ಎಂದು ಕೇಳಿದರು. ಅತ್ತೆ ಉತ್ತರ ಕೊಡುವುದರೊಳಗೆ ನನ್ನ ಸರದಿ ಬಂತು.

ಆಕಡೆಯ ಡಾಕ್ಟರು ನನ್ನ ಹಳೆಯ ಕಾರ್ಡು ನೋಡಿದರು, ಈಕಡೆಯ ಡಾಕ್ಟರಿಗೆ ತಮಿಳು ಬರದು. ನಾನೇ ಓದಿ ಕನ್ನಡದಲ್ಲಿ ಹೇಳಿದೆ, ಆಕಡೆಯವರ ಪ್ರಶ್ನೆಗೆ ತಮಿಳಿನಲ್ಲೇ ಉತ್ತರ ಹೇಳಿದೆ. ಇಬ್ಬರೂ ತಲೆದೂಗಿದರು. "ಸರಿ, ಬಾಗಿಲ ತನಕ ನಡೆದು ಬಾಮ್ಮ," ಎಂದರು ಈಕಡೆಯವರು.

ಎದ್ದೆ. ಹೆಜ್ಜೆ ಎತ್ತಿಟ್ಟೆ. ಎಡಗಾಲು ತಾನಾಗಿ ತುದಿಬೆರಳಿನ ಮೇಲೆ ನಿಂತಿತು, ಮಂಡಿ ಹಿಂದಕ್ಕೆ ಬಿಗಿಯಿತು, ಸೊಂಟ ಅಲುಗಲಿಲ್ಲ. ಎತ್ತರದ ಚಪ್ಪಲಿ ಇಲ್ಲದೆಯೂ ನಾನು ನೆಟ್ಟಗೆ ನಡೆಯುತ್ತಿದ್ದೆ. ಬೇಡವೆಂದು ಮನಸ್ಸು ಹೇಳುತ್ತಿದೆ, ಕಾಲು ಕೇಳುತ್ತಿಲ್ಲ. ಜನರ ಮುಂದೆ ನನ್ನ ಹಾಗೆ ನಡೆಯುವುದು ಹೇಗೆಂದೇ ನನಗೆ ಮರೆತುಹೋಗಿತ್ತು. ಮೂರನೆಯ ಹೆಜ್ಜೆಗೆ ನಿಂತುಬಿಟ್ಟೆ. ಬಿಡದಿಯ ಸೀಟು ಹೋಯಿತು, ನನ್ನ ಬದುಕು ಇಷ್ಟೇ ಎಂದು ಕಣ್ಣು ಮಂಜಾಯಿತು.

ಹಿಂದಿನಿಂದ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು ನಿಂತಿದ್ದರು.

"ಸ್ವಾಮಿ, ನನ್ನ ಸೊಸೆ ಕುಂಟ್ತಾಳೆ," ಎಂದರು. ಗಟ್ಟಿಯಾಗಿ, ಇಡೀ ಭವನಕ್ಕೆ ಕೇಳುವ ಹಾಗೆ. "ಹತ್ತು ವರ್ಷದಿಂದ ಕಾಣದಂಗೆ ನಾನೇ ನಡೆಸಿದ್ದೀನಿ. ಅವಳ್ದು ತಪ್ಪಿಲ್ಲ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಹುಳದ ಮನೇಲಿ ನಡೀತೀಯಲ್ಲವ್ವ, ಮಂಡಿ ಮ್ಯಾಲೆ ಕೈ ಮಡಿಕ್ಕಂಡು. ಹಂಗೆ ನಡಿ. ಪುಟ್ಟಿ ಹಿಡ್ಕಂಡಿದ್ದೀನಿ ಅನ್ಕೋ."

ಹತ್ತು ವರ್ಷವೂ ಅವರು ನೋಡಿದ್ದರು. ನಾನು ಎಡಗೈಯನ್ನು ಮಂಡಿಗೆ ಊರಿದೆ. ಬಲಗೈಯಲ್ಲಿ ಇಲ್ಲದ ಪುಟ್ಟಿ ಹಿಡಿದೆ. ಸೊಂಟವನ್ನು ಅದರ ಪಾಡಿಗೆ ಬಿಟ್ಟು, ಎಲ್ಲರ ಕಣ್ಣ ಮುಂದೆ ಬಾಗಿಲ ತನಕ ಕುಂಟಿಕೊಂಡು ಹೋಗಿ ಕುಂಟಿಕೊಂಡು ಬಂದೆ. ಅಳುತ್ತಿದ್ದೆ, ಆದರೆ ನೋವಿಗಲ್ಲ. ಅಷ್ಟು ಸುಖವಾಗಿ ನಾನು ಜನರ ನಡುವೆ ಯಾವತ್ತೂ ನಡೆದಿರಲಿಲ್ಲ.

ಆಮೇಲೆ ಇಬ್ಬರು ಡಾಕ್ಟರೂ ಮಲಗಿಸಿ ಟೇಪು ಹಿಡಿದು ಅಳೆದರು, ಕಾಲನ್ನು ತಳ್ಳಿಸಿ ಎಳೆಸಿ ನೋಡಿದರು, ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಅರವತ್ತು ಎಂದು ಒಂದೇ ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿದರು. ಎರಡು ಮೊಹರು ಅಕ್ಕಪಕ್ಕ ಬಿದ್ದವು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ನನಗೆ. ನೀರಿಗೆ ಕಿತ್ತಾಡುವ ಎರಡು ಸರ್ಕಾರಗಳು ನನ್ನ ಒಂದು ಕಾಲಿನ ವಿಷಯದಲ್ಲಿ ಒಂದೇ ಮಾತಿಗೆ ಬಂದಿದ್ದವು.

ಬೆಂಚಿನ ಮೇಲೆ ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಬೀಗಿತ್ತಿ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, "ನಂಗೊತ್ತಿತ್ತು ಕನ್ರವ್ವ," ಎಂದರು. "ನಮ್ಮ ಹೈದನ ಮದ್ವೆಲೇ ಗೊತ್ತಾಯ್ತು. ಹಸೆ ಮುಂದೆ ನಿಮ್ಮ ಸೊಸೆ ಎರಡೆರಡು ದಪ ಕಾಲು ನೋಡ್ಕಂಡು ನಡೀತಿದ್ಲು. ನೀವು ಹೇಳ್ನಿಲ್ಲ, ನಾವು ಕೇಳ್ನಿಲ್ಲ. ಕಾಫಿ ಕುಡೀರಿ, ಆರೋಯ್ತದೆ." ಅತ್ತೆ ಲೋಟ ಕೈಗೆ ತೆಗೆದುಕೊಂಡರು. ನನಗೆ ನಗು ತಡೆಯಲಾಗಲಿಲ್ಲ, ಕೊನೆಗೆ ಅವರಿಗೂ ತಡೆಯಲಾಗಲಿಲ್ಲ. ಮಧ್ಯಾಹ್ನ ಆಕಡೆಯವರು ತಂದ ಪುಳಿಯೋಗರೆ, ಈಕಡೆಯವರು ತಂದ ಮೊಸರನ್ನ ಎಲ್ಲರೂ ಎರಡನ್ನೂ ಒಂದೇ ಎಲೆಗೆ ಬಡಿಸಿಕೊಂಡು ತಿಂದೆವು. ಊಟವಾದ ಮೇಲೆ ಭಾಷೆ ಬರದವರ ಮಾತನ್ನು ಅತ್ತಿಂದಿತ್ತ ಹೇಳಲು ಮೇಡಂ ನನ್ನನ್ನೇ ಮೇಜಿನ ಪಕ್ಕ ಕೂರಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಎಡ ಮಂಡಿಯ ಮೇಲೆ ಕೈಯಿಟ್ಟು, "ನೆಟ್ಟುಗೆ ನಡೆದ್ರೆ ನೋಯ್ತಿತ್ತಾ?" ಎಂದು ಕೇಳಿದರು. ಹೂಂ ಎಂದೆ. ಕೈ ತೆಗೆಯಲಿಲ್ಲ ಅವರು, ಕನಕಪುರ ಬರುವವರೆಗೂ.

ಹಾಳೆ ಕಾರ್ಡಾಯಿತು, ತಿಂಗಳು ಮುಗಿಯುವ ಮುಂಚೆ ಕಂಪನಿಗೆ ಮುಟ್ಟಿತು. ಮೊದಲ ದಿನ ಬೆಳಿಗ್ಗೆ ಅರಳಿಮರದವರೆಗೂ ಅತ್ತೆ ನನ್ನ ಜೊತೆ ಬಂದರು. ನಾನು ಮಂಡಿಗೆ ಕೈಯೂರಿ ನಡೆಯುತ್ತಿದ್ದೆ, ಅವರು ನನ್ನ ಹೆಜ್ಜೆಗೆ ತಕ್ಕಂತೆ ನಿಧಾನಿಸುತ್ತಿದ್ದರು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಕೊಡ ಕೆಳಗಿಟ್ಟು, "ಯಾಕವ್ವ, ನಿನ್ನ ಸೊಸೆ ಕಾಲ್ಗೇನಾಯ್ತು?" ಎಂದು ಕೇಳಿದಳು.

"ಏನೂ ಆಗಿಲ್ಲ ಕಣವ್ವ," ಎಂದರು ಅತ್ತೆ. "ಅವಳು ನಡೆಯೋದೇ ಹಿಂಗೆ. ಒಸಿ ದಾರಿ ಬುಡು, ವ್ಯಾನು ಬಂದ್ಬುಡ್ತು."